ಕೊಟ್ಟವರು ಉಳಿಸಿಹೋದ ಊರುಗಳು: ಗದಗ ಸೀಮೆಯಲ್ಲಿ ಎರಡು ದಿನ

ಗದಗ: ಹುಬ್ಬಳ್ಳಿಯಿಂದ ಹಂಪಿಗೆ ಹೊರಟವರ ಪಾಲಿಗೆ ಗದಗ ಎಂದರೆ ರೈಲು ಕೆಲವು ನಿಮಿಷ ನಿಲ್ಲುವ ಒಂದು ಜಂಕ್ಷನ್. ಬಾದಾಮಿಗೆ ಹೋಗುವವರಿಗೆ ಗಾಡಿಯ ದಿಕ್ಕು ಬದಲಾಗುವ ಊರು. ಕಿಟಕಿಯಿಂದ ಕೈಚಾಚಿ ಒಂದು ಪ್ಲೇಟು ಮಿರ್ಚಿ ಭಜಿ ತೆಗೆದುಕೊಂಡರೆ ಗದಗದೊಂದಿಗಿನ ಅವರ ಪರಿಚಯ ಮುಗಿಯಿತು. ಎರಡು ಪ್ರಸಿದ್ಧ ಪ್ರವಾಸಿ ತಾಣಗಳ ನಡುವೆ ಇರುವುದೇ ಈ ಜಿಲ್ಲೆಯ ದೌರ್ಭಾಗ್ಯವೇನೋ ಎಂದು ಇಲ್ಲಿಯೇ ಹುಟ್ಟಿ ಬೆಳೆದ ಈ ವರದಿಗಾರನಿಗೆ ಎಷ್ಟೋ ಬಾರಿ ಅನ್ನಿಸಿದೆ.

ಬೆಂಗಳೂರು, ಮೈಸೂರುಗಳಿಂದ ಬರುವ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: 'ನಿಮ್ಮ ಕಡೆ ನೋಡುವಂಥದ್ದು ಏನಿದೆ?' ಅವರನ್ನು ಕರೆದೊಯ್ಯುವ ಊರುಗಳ ಪಟ್ಟಿಯೊಂದು ವರ್ಷಗಳಿಂದ ತಾನಾಗಿ ಸಿದ್ಧಗೊಂಡಿದೆ. ಆ ಪಟ್ಟಿಯನ್ನು ಒಮ್ಮೆ ಕುಳಿತು ನೋಡಿದಾಗ ಒಂದು ಸಂಗತಿ ಗೋಚರಿಸಿತು. ಇಲ್ಲಿ ರಾಜಧಾನಿಯ ವೈಭವ ಕಡಿಮೆ, ಅರಮನೆಗಳಂತೂ ಇಲ್ಲವೇ ಇಲ್ಲ. ಇರುವುದೆಲ್ಲ ಯಾರೋ ಕೊಟ್ಟದ್ದು. ಒಬ್ಬಾಕೆ ಬಸದಿ ಕೊಟ್ಟಳು, ವರ್ತಕರು ವಿಹಾರ ಕಟ್ಟಿಸಿಕೊಟ್ಟರು, ಅಂಧ ಗವಾಯಿಗಳು ವಿದ್ಯೆ ಕೊಟ್ಟರು, ರೈತರು ಹಕ್ಕಿಗಳಿಗೆ ತಮ್ಮ ಬೆಳೆಯ ಪಾಲು ಕೊಡುತ್ತಿದ್ದಾರೆ. ಈ ತಾಣಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವುದು ಈ ದಾನಗುಣ. ಕೊಡುವವರು ಮತ್ತು ಕಾಯುವವರು ಇಲ್ಲದಿದ್ದರೆ ಇವು ಉಳಿಯುವುದೂ ಇಲ್ಲ ಎಂಬುದೇ ಈ ಬರಹದ ಹಿಂದಿನ ಕಳವಳ.

ನಗರದೊಳಗೆ: ಗುಡಿ ಮತ್ತು ಗಾಯನ

ಪ್ರವಾಸವನ್ನು ಗದಗ ನಗರದ ತ್ರಿಕೂಟೇಶ್ವರ ದೇವಾಲಯದಿಂದ ಆರಂಭಿಸುವುದು ಸೂಕ್ತ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವುದರಿಂದ ಈ ಹೆಸರು. ಕಲ್ಯಾಣ ಚಾಲುಕ್ಯರ ಕಾಲದ ಕುಸುರಿ ಕೆಲಸವನ್ನು ನೋಡಬೇಕೆನ್ನುವವರು ಇದೇ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಡೆದಿರುವ ಈ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಳಗಿನ ಸರಸ್ವತಿಯ ವಿಗ್ರಹ ಭಗ್ನಗೊಂಡಿದ್ದರೂ ಅದರ ಆಭರಣಗಳ ನಯ ಇನ್ನೂ ಕಣ್ಮನ ಸೆಳೆಯುತ್ತದೆ.

ಅಲ್ಲಿಂದ ಸಮೀಪದಲ್ಲಿಯೇ ವೀರನಾರಾಯಣ ದೇವಾಲಯವಿದೆ. ಕನ್ನಡದಲ್ಲಿ ಭಾರತದ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ ಕುಮಾರವ್ಯಾಸನು ಇಲ್ಲಿನ ಕಂಬವೊಂದಕ್ಕೆ ಒರಗಿ ಕುಳಿತು ಕಾವ್ಯ ರಚಿಸಿದನೆಂಬ ಐತಿಹ್ಯವಿದೆ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕುಳಿತರೆ, ಅದು ಒಣಗುವವರೆಗೂ ಅವನಿಗೆ ಕಾವ್ಯ ಸ್ಫುರಿಸುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಗದುಗಿನ ಭಾರತ ಎಂದು ಕಾವ್ಯಕ್ಕೆ ಊರಿನ ಹೆಸರೇ ನಿಂತುಬಿಟ್ಟಿರುವುದು ಈ ನಗರದ ಹೆಮ್ಮೆ.

ನಗರದಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಮರೆಯುವ ಮೂರನೆಯ ತಾಣ ವೀರೇಶ್ವರ ಪುಣ್ಯಾಶ್ರಮ. ಹುಟ್ಟು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳಿಗೆ ಆ ವಿದ್ಯೆಯನ್ನು ಧಾರೆಯೆರೆಯಲು ಊರೂರು ಸಂಚರಿಸಿದರು. ಕೊನೆಗೆ ನೆಲೆ ನಿಂತದ್ದು ಗದಗದಲ್ಲಿ. ಹಿಂದೂಸ್ತಾನಿ ಗಾಯನದ ಮೇರು ವ್ಯಕ್ತಿಗಳಲ್ಲೊಬ್ಬರಾದ ಬಸವರಾಜ ರಾಜಗುರು ಇವರ ಶಿಷ್ಯರು. ಗುರುವಿನ ನಂತರ ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಕೂಡ ಅಂಧರೇ. ನಾಟಕ ಕಂಪನಿ ನಡೆಸಿ, ಭಕ್ತರು ಮಾಡಿಸುತ್ತಿದ್ದ ತುಲಾಭಾರದ ಹಣವನ್ನು ಆಶ್ರಮಕ್ಕೆ ಅರ್ಪಿಸಿ ನೂರಾರು ಮಕ್ಕಳ ಊಟ ಮತ್ತು ಪಾಠಕ್ಕೆ ದಾರಿ ಮಾಡಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು. ಬೆಳಗಿನ ಹೊತ್ತು ಆಶ್ರಮದ ಬಳಿ ಸುಳಿದರೆ ಹಾರ್ಮೋನಿಯಂ, ತಬಲಾ ಮತ್ತು ಎಳೆಯ ಕಂಠಗಳ ಅಭ್ಯಾಸ ಒಟ್ಟಿಗೆ ಕೇಳಿಬರುತ್ತದೆ. ನೋಡುವುದಕ್ಕಲ್ಲ, ಕೇಳುವುದಕ್ಕೆಂದೇ ಹೋಗಬೇಕಾದ ತಾಣವಿದು.

ಲಕ್ಕುಂಡಿ: ಒಬ್ಬ ತಾಯಿ ಕೊಟ್ಟ ಊರು

ಗದಗದಿಂದ ಕೊಪ್ಪಳ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್ ಸಾಗಿದರೆ ಲಕ್ಕುಂಡಿ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರೆಂದು ಜನ ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಉತ್ತರದ ತನ್ನ ನೆಲೆಯನ್ನಾಗಿ ಆರಿಸಿಕೊಂಡದ್ದು ಈ ಊರನ್ನೇ. ಅಷ್ಟರ ಮಟ್ಟಿಗೆ ಇದು ಸಿರಿವಂತ ಪಟ್ಟಣವಾಗಿತ್ತು.

ಆದರೆ ಲಕ್ಕುಂಡಿಯನ್ನು ಅರ್ಥಮಾಡಿಕೊಳ್ಳಲು ಅರಸರಿಗಿಂತ ಮೊದಲು ಅತ್ತಿಮಬ್ಬೆಯ ಹೆಸರು ಹೇಳಬೇಕು. ಚಾಲುಕ್ಯರ ದಂಡನಾಯಕ ನಾಗದೇವನ ಪತ್ನಿಯಾದ ಈಕೆ ಕಿರಿಯ ವಯಸ್ಸಿನಲ್ಲಿಯೇ ವಿಧವೆಯಾದಳು. ಇಲ್ಲಿನ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಈಕೆಯೇ. ಇಲ್ಲಿನ ಶಾಸನದ ಕಾಲ ಕ್ರಿ.ಶ. 1007. ರನ್ನ ಕವಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಸಿದಳು. ಅದಕ್ಕಿಂತಲೂ ಅಪೂರ್ವವಾದ ಆಕೆಯ ಕೆಲಸವೆಂದರೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು.

ಇದರ ಮಹತ್ವವನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದು ಕಾವ್ಯವನ್ನು ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯಬೇಕಿತ್ತು. ಒಂದೊಂದು ಪ್ರತಿಯೂ ಬಹುದಿನಗಳ ದುಡಿಮೆ. ಗರಿಗಳು ಹುಳು ತಿಂದೋ, ಬೆಂಕಿಗೆ ಸಿಕ್ಕೋ ಹಾಳಾದರೆ ಕಾವ್ಯವೇ ಇಲ್ಲವಾಗುತ್ತಿತ್ತು. ಎಷ್ಟು ಪ್ರತಿಗಳು ಎಷ್ಟು ಊರುಗಳಲ್ಲಿ ಇರುತ್ತವೆಯೋ ಅಷ್ಟು ಅದರ ಆಯುಸ್ಸು. ಸಾವಿರ ಪ್ರತಿ ಮಾಡಿಸುವುದೆಂದರೆ ಪುಸ್ತಕವೊಂದಕ್ಕೆ ಸಾವಿರ ಬಾಗಿಲುಗಳ ರಕ್ಷಣೆ ಒದಗಿಸಿದಂತೆ. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸುಮ್ಮನೆ ಬಂದದ್ದಲ್ಲ.

ಬ್ರಹ್ಮಜಿನಾಲಯವನ್ನು ನೋಡಿದ ಬಳಿಕ ಕಾಶಿ ವಿಶ್ವನಾಥ ದೇವಾಲಯಕ್ಕೆ ಬನ್ನಿ. ಒಂದೇ ಜಗತಿಯ ಮೇಲೆ ಎದುರುಬದುರಾಗಿ ಶಿವ ಮತ್ತು ಸೂರ್ಯನ ಗುಡಿಗಳಿವೆ. ಬಾಗಿಲವಾಡದ ಬಳ್ಳಿಗಳನ್ನು ಗಮನಿಸಿದರೆ ಕಲ್ಲಿನ ಗುಣವೇನೆಂಬುದು ತಿಳಿಯುತ್ತದೆ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಒರಟಾದ ಮರಳುಗಲ್ಲಿನಲ್ಲಿ ಕಡೆದರು. ಈ ಸೀಮೆಯ ಶಿಲ್ಪಿಗಳು ಬಳಸಿದ್ದು ನುಣುಪಾದ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಇದು ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಅಕ್ಕಸಾಲಿಗನ ಕೆಲಸವನ್ನು ಕಲ್ಲಿನಲ್ಲಿ ಮಾಡಲು ಸಾಧ್ಯವಾದದ್ದು ಹೀಗೆ. ಮುಂದೆ ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳ ಶಿಲ್ಪಿಗಳು ಮುಂದುವರಿಸಿದ್ದೂ ಇದೇ ಬಗೆಯ ಕಲ್ಲಿನ ಕೆತ್ತನೆಯನ್ನು.

ಬಾವಿಗಳ ಪೈಕಿ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ತಪ್ಪದೇ ನೋಡಬೇಕು. ಮೇಲಿನಿಂದ ನೋಡಿದರೆ ನೆಲದೊಳಗೆ ತಲೆಕೆಳಗಾಗಿ ಕಟ್ಟಿದ ದೇವಾಲಯದಂತೆ ಕಾಣುವ ಈ ಬಾವಿಯ ಗೋಡೆಗಳಲ್ಲಿ ಪುಟ್ಟ ಪುಟ್ಟ ಗೂಡುಗುಡಿಗಳಿವೆ. ಮೆಟ್ಟಿಲುಗಳಿರುವುದು ಅಂದಕ್ಕಾಗಿ ಮಾತ್ರವಲ್ಲ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ನೀರಿನ ಮಟ್ಟ ಋತುವಿನಿಂದ ಋತುವಿಗೆ ಬಹಳ ಏರಿಳಿಯುತ್ತದೆ. ಶ್ರಾವಣದಲ್ಲಿ ನಾಲ್ಕು ಮೆಟ್ಟಿಲು ಇಳಿದರೆ ನೀರು, ಚೈತ್ರದಲ್ಲಿ ತಳದವರೆಗೂ ಇಳಿಯಬೇಕು. ನೀರು ಎಷ್ಟೇ ಕೆಳಗಿಳಿದರೂ ಕೊಡ ಹಿಡಿದವಳು ಅದನ್ನು ಮುಟ್ಟುವಂತಿರಬೇಕು ಎಂಬ ಕಾಳಜಿಯೇ ಈ ಮೆಟ್ಟಿಲುಗಳ ಲೆಕ್ಕ. ನಲ್ಲಿಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುತ್ತಿದ್ದ ಮನೆಯಲ್ಲಿ ಬೆಳೆದ ಈ ವರದಿಗಾರನಿಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಊರು ಮತ್ತು ಸ್ಮಾರಕಗಳ ನಂಟು ಇಲ್ಲಿ ಸರಳವಾದುದಲ್ಲ. ಗುಡಿಯ ಗೋಡೆಗೆ ಮನೆಯ ಗೋಡೆ ತಾಗಿದೆ, ಕೊಟ್ಟಿಗೆಯ ಕಲ್ಲಿನಲ್ಲಿ ಶಾಸನದ ತುಂಡು ಕಾಣಸಿಗುತ್ತದೆ. 2025ರಲ್ಲಿ ಇಲ್ಲಿ ಉತ್ಖನನಕ್ಕೆ ಚಾಲನೆ ನೀಡಲಾಯಿತು. 2026ರ ಜನವರಿಯಲ್ಲಿ ಮನೆಯ ಪಾಯ ಅಗೆಯುವಾಗ ದೊರೆತ ಪುರಾತನ ಚಿನ್ನದ ಆಭರಣಗಳನ್ನು ಬಡ ಕುಟುಂಬವೊಂದು ಸರ್ಕಾರಕ್ಕೆ ಒಪ್ಪಿಸಿದಾಗ ನಾಡೆಲ್ಲ ಲಕ್ಕುಂಡಿಯತ್ತ ತಿರುಗಿ ನೋಡಿತು. ಸಾವಿರ ವರ್ಷದ ಹಿಂದಿನ ಅತ್ತಿಮಬ್ಬೆಯ ಗುಣ ಊರಿನಲ್ಲಿ ಇನ್ನೂ ಉಳಿದಿದೆ ಎಂದು ಅನೇಕರಿಗೆ ಅಂದು ಅನ್ನಿಸಿದ್ದು ಸಹಜ. ಆದರೆ ಅಗೆತ ಮುಂದುವರಿದಂತೆ ಮನೆಗಳ ಗತಿಯೇನು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಶತಮಾನಗಳಿಂದ ಗುಡಿಗಳ ನಡುವೆ ಬದುಕಿದವರನ್ನು ಪರಂಪರೆಯ ಶತ್ರುಗಳಂತೆ ಕಾಣದೆ, ಅದರ ವಾರಸುದಾರರೆಂದು ಗಣಿಸಿದರೆ ಮಾತ್ರ ಲಕ್ಕುಂಡಿ ಉಳಿದೀತು.

ಡಂಬಳ: ಹದಿನಾರು ಸೆಟ್ಟಿಗಳ ವಿಹಾರ

ಲಕ್ಕುಂಡಿಯಿಂದ ದಕ್ಷಿಣಕ್ಕೆ, ಮುಂಡರಗಿ ತಾಲ್ಲೂಕಿನಲ್ಲಿ ಡಂಬಳವಿದೆ. ಇಲ್ಲಿನ ದೊಡ್ಡಬಸಪ್ಪ ದೇವಾಲಯದ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರಾಕಾರದಲ್ಲಿದೆ. ಚೌಕವೊಂದನ್ನು ತಿರುಗಿಸುತ್ತ ಹೋದಂತೆ ಮೂಡುವ ಈ ಆಕೃತಿಯ ಮೇಲೆ ಬಿಸಿಲು ಬಿದ್ದಾಗ ಮೂಲೆ ಮೂಲೆಗೂ ನೆರಳು ಬೆಳಕುಗಳ ಪಟ್ಟಿ ಮೂಡುತ್ತದೆ. ಗುಡಿಯೊಳಗಿನ ಬೃಹತ್ ನಂದಿಯಿಂದಲೇ ಅದಕ್ಕೆ ದೊಡ್ಡಬಸಪ್ಪ ಎಂಬ ಹೆಸರು.

ಡಂಬಳಕ್ಕೆ ಇನ್ನೊಂದು ವಿಶೇಷವಿದೆ. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದು ಇಲ್ಲಿ ಹದಿನಾರು ಸೆಟ್ಟಿಗಳು ಸೇರಿ ಕಟ್ಟಿಸಿದ ಬೌದ್ಧ ವಿಹಾರವನ್ನೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಬಹುಮಟ್ಟಿಗೆ ಮರೆಯಾಗಿತ್ತೆಂದು ಭಾವಿಸುವ ಕಾಲದಲ್ಲಿ ವ್ಯಾಪಾರಿಗಳು ಒಟ್ಟಾಗಿ ಹಣ ಹಾಕಿ ಅದಕ್ಕೆ ನೆಲೆ ಒದಗಿಸಿದ್ದರು. ಶೈವ ಗುಡಿ, ಜೈನ ಬಸದಿ, ಬೌದ್ಧ ವಿಹಾರ ಮೂರೂ ಕೆಲವೇ ಹರದಾರಿಗಳ ಅಂತರದಲ್ಲಿ ಬಾಳಿದ ಸೀಮೆಯಿದು.

ಹತ್ತಾರು ಜನ ಕೈಜೋಡಿಸಿ ಒಂದು ಕೆಲಸ ಮಾಡುವ ಈ ಪದ್ಧತಿಗೆ ಆಧುನಿಕ ರೂಪ ದೊರೆತದ್ದೂ ಇದೇ ಜಿಲ್ಲೆಯಲ್ಲಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದ ಸಹಕಾರ ಚಳವಳಿಯ ತೊಟ್ಟಿಲೆಂದು ಗುರುತಿಸಲಾಗುತ್ತದೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಊರವರೇ ಹಣ ಕೂಡಿಸಿ ಊರವರಿಗೇ ಸಾಲ ಕೊಡುವ ಏರ್ಪಾಡು ಅದಾಗಿತ್ತು. ಅಲ್ಲಿ ಶಿಲ್ಪಕಲೆಯಿಲ್ಲ, ಆದರೂ ಸಮಯವಿದ್ದವರು ಹೋಗಿ ಬರಬೇಕಾದ ಊರು.

ಕಪ್ಪತಗುಡ್ಡ: ಜನ ಉಳಿಸಿಕೊಂಡ ಬೆಟ್ಟ

ಎರಡನೆಯ ದಿನದ ಬೆಳಗನ್ನು ಕಪ್ಪತಗುಡ್ಡಕ್ಕೆ ಮೀಸಲಿಡಿ. ಡಂಬಳ, ಡೋಣಿ ಗ್ರಾಮಗಳ ಕಡೆಯಿಂದ ಗುಡ್ಡ ಏರುವ ದಾರಿಯಿದ್ದು, ಮೇಲೆ ಕಪ್ಪತಮಲ್ಲೇಶ್ವರನ ಗುಡಿಯಿದೆ. ಗದಗದ ಸಮೀಪದಿಂದ ತುಂಗಭದ್ರೆಯ ದಡದವರೆಗೆ ಸಾಲಾಗಿ ಹಬ್ಬಿರುವ ಈ ಗುಡ್ಡಗಳನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಕರೆಯುವುದುಂಟು. ಮಳೆಗಾಲ ಮುಗಿದ ಹೊಸತರಲ್ಲಿ ಇಲ್ಲಿ ನಿಂತರೆ ಕಾಲಡಿ ಹಸಿರು ಹುಲ್ಲು, ದೂರದಲ್ಲಿ ಎರೆ ಹೊಲಗಳ ಕಪ್ಪು, ನಡುವೆ ತಿರುಗುವ ಗಾಳಿಯಂತ್ರಗಳು ಒಂದೇ ನೋಟದಲ್ಲಿ ಕಾಣುತ್ತವೆ.

ಇಲ್ಲಿ ನೂರಾರು ಬಗೆಯ ಔಷಧೀಯ ಸಸ್ಯಗಳು ಬೆಳೆಯುತ್ತವೆ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿಗಳು ನೆಲೆಸಿವೆ. ಇವೆಲ್ಲಕ್ಕೂ ಮಿಗಿಲಾಗಿ, ಬಯಲುಸೀಮೆಯಲ್ಲಿ ಮಳೆಯ ನೀರನ್ನು ತಡೆದು ಹಳ್ಳಗಳಿಗೆ, ಕೆರೆಗಳಿಗೆ, ಬಾವಿಗಳಿಗೆ ಹಂಚುವ ಎತ್ತರದ ನೆಲ ಇದು. ಆದರೆ ಗುಡ್ಡದ ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಅದಿರುಗಳೂ ಇವೆ. ತಕರಾರು ಹುಟ್ಟುವುದು ಅಲ್ಲಿಯೇ.

2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಆದೇಶವನ್ನು ಹಿಂಪಡೆಯಿತು. ಗಣಿಗಾರಿಕೆಗೆ ಬಾಗಿಲು ತೆರೆಯುವುದೆಂಬ ಆತಂಕ ಜಿಲ್ಲೆಯಾದ್ಯಂತ ಹಬ್ಬಿತು. 2017ರ ಫೆಬ್ರುವರಿಯಲ್ಲಿ ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ರೈತರು, ವಿದ್ಯಾರ್ಥಿಗಳು, ಸಾಹಿತಿಗಳು, ವ್ಯಾಪಾರಸ್ಥರು ಬೀದಿಗಿಳಿದರು. ಅದೇ ವರ್ಷ ಮೀಸಲು ಪ್ರದೇಶದ ಸ್ಥಾನಮಾನ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಎರಡರ ನಡುವಿನ ವ್ಯತ್ಯಾಸವನ್ನು ಓದುಗರು ತಿಳಿದಿರುವುದು ಒಳಿತು. ಮೀಸಲು ಪ್ರದೇಶದ ರಕ್ಷಣೆ ಹೆಚ್ಚಾಗಿ ರಾಜ್ಯ ಸರ್ಕಾರದ ಇಚ್ಛೆಯನ್ನು ಅವಲಂಬಿಸಿರುತ್ತದೆ. ಒಂದು ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋದದ್ದನ್ನು ಜಿಲ್ಲೆಯ ಜನ ಕಣ್ಣಾರೆ ಕಂಡಿದ್ದಾರೆ. ವನ್ಯಜೀವಿಧಾಮದ ಗಡಿಯನ್ನು ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಅವಶ್ಯ. ಆದಾಗ್ಯೂ ಗುಡ್ಡದ ಅಂಚಿನ ಗಣಿಗಾರಿಕೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿ ಇನ್ನೊಂದು ಪಿಡುಗು. ಗುಡ್ಡಕ್ಕೆ ಹೋಗುವವರು ಬೀಡಿ, ಸಿಗರೇಟು, ಬೆಂಕಿಕಡ್ಡಿಗಳನ್ನು ಕೆಳಗೇ ಬಿಟ್ಟುಹೋಗಬೇಕೆಂಬುದು ಈ ವರದಿಗಾರನ ಕಳಕಳಿಯ ವಿನಂತಿ.

ಮಾಗಡಿ ಕೆರೆ: ಹಿಮಾಲಯ ದಾಟಿ ಬರುವ ನೆಂಟರು

ಗುಡ್ಡದ ಪಶ್ಚಿಮಕ್ಕೆ ಇಳಿದರೆ ಶಿರಹಟ್ಟಿ. ಇಲ್ಲಿನ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಎರಡು ಪರಂಪರೆಗಳ ಕೂಡುವಿಕೆಯಿದೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಈ ಮಠದ ಜಾತ್ರೆ ನಾಡಿಗೇ ಭಾವೈಕ್ಯದ ಮಾದರಿಯೆನಿಸಿದೆ. ಮಠದಲ್ಲಿ ಕೆಲಹೊತ್ತು ಕುಳಿತು, ಅದೇ ತಾಲ್ಲೂಕಿನ ಮಾಗಡಿ ಗ್ರಾಮಕ್ಕೆ ಹೊರಡಬಹುದು. ಬೆಂಗಳೂರು ಸಮೀಪದ ಮಾಗಡಿಯೊಂದಿಗೆ ಇದನ್ನು ಬೆರೆಸಬೇಡಿ.

ಪ್ರತಿವರ್ಷ ನವೆಂಬರ್ ಹೊತ್ತಿಗೆ ಈ ಊರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಚಳಿಗೆ ನೀರು ಹೆಪ್ಪುಗಟ್ಟುವ ಮುನ್ನ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಲೋಕದಲ್ಲಿ ಅತ್ಯಂತ ಎತ್ತರದಲ್ಲಿ ಹಾರುವ ಹಕ್ಕಿಗಳ ಸಾಲಿಗೆ ಸೇರಿದ ಇವುಗಳ ರಕ್ತಕ್ಕೆ, ಗಾಳಿ ತೆಳುವಾದ ಕಡೆಯೂ ಆಮ್ಲಜನಕವನ್ನು ಹಿಡಿದಿಡುವ ವಿಶೇಷ ಸಾಮರ್ಥ್ಯವಿದೆ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳಿಂದ ಇವನ್ನು ಸುಲಭವಾಗಿ ಗುರುತಿಸಬಹುದು.

ಈ ಬಾತುಗಳ ಆಹಾರ ಮೀನಲ್ಲ, ಹೊಲದ ಪೈರು. ಹಗಲಿನಲ್ಲಿ ಕೆರೆಯಲ್ಲಿ ತಂಗಿ, ಸಂಜೆಯಾಗುತ್ತಲೇ ಸಾಲುಗಟ್ಟಿ ಸುತ್ತಲಿನ ಹೊಲಗಳತ್ತ ಹಾರುತ್ತವೆ. ಕಡಲೆ, ಶೇಂಗಾ ಮುಂತಾದ ಬೆಳೆಗಳು ಇವುಗಳ ಮೇವು. ಮಾಗಡಿಯ ಹಿರಿಮೆ ಇರುವುದು ಇಲ್ಲಿ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಬಿತ್ತುವ ರೈತ, ತನ್ನ ಬೆಳೆಯನ್ನು ಮೇಯುವ ಹಕ್ಕಿಗೆ ಕವಣೆ ಬೀಸುವುದಿಲ್ಲ. ದೂರದಿಂದ ಬಂದ ನೆಂಟರೆಂದು ಸಹಿಸಿಕೊಳ್ಳುತ್ತಾನೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. 2024ರ ಜನವರಿಯಲ್ಲಿ ಮಾಗಡಿ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮನ್ನಣೆ ಲಭಿಸಿತು. ಆ ಮನ್ನಣೆಯಲ್ಲಿ ಅರ್ಧ ಪಾಲು ಸುತ್ತಲಿನ ರೈತರಿಗೆ ಸಲ್ಲಬೇಕು. ಮನ್ನಣೆಯ ಜತೆಗೆ ಬೆಳೆ ನಷ್ಟಕ್ಕೆ ಸಕಾಲದಲ್ಲಿ ತಕ್ಕ ಪರಿಹಾರವೂ ತಲುಪಿದರೆ ಈ ಸಹನೆ ಮುಂದಿನ ಪೀಳಿಗೆಗೂ ಉಳಿದೀತು. ಬಡವನ ದಾನವನ್ನು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ.

ಕೊನೆಯ ನಿಲುಗಡೆ ಲಕ್ಷ್ಮೇಶ್ವರ

ಮಾಗಡಿಯಿಂದ ಅನತಿ ದೂರದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಕಿಸುವೊಳಲು, ಕೊಪಣ, ಒಕ್ಕುಂದಗಳ ಜತೆಗೆ ಪುಲಿಗೆರೆಯನ್ನೂ ಅಚ್ಚ ಕನ್ನಡದ ನೆಲೆಯೆಂದು ಕವಿರಾಜಮಾರ್ಗ ಗುರುತಿಸಿದೆ. ಪಂಪನೂ ತನ್ನ ಕಾವ್ಯದ ನುಡಿಗೆ ಪುಲಿಗೆರೆಯ ಕನ್ನಡವೇ ಮೂಲವೆಂದಿದ್ದಾನೆ. ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಶಿವಪಾರ್ವತಿಯರು ನಂದಿಯನ್ನೇರಿ ಕುಳಿತಿರುವ ಅಪರೂಪದ ಮೂರ್ತಿಯಿದೆ. ಶಂಖಬಸದಿ ಮತ್ತು ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯನ್ನೂ ನೋಡಬಹುದು. ಇಲ್ಲಿನ ಸಂತೆಯಲ್ಲಿ ಒಂದು ಸುತ್ತು ಹಾಕಿ, ಜನರಾಡುವ ಮಾತಿಗೆ ಕಿವಿಗೊಡಿ. ಸಾವಿರದ ನೂರು ವರ್ಷಗಳ ಹಿಂದೆ ಕವಿಗಳು ಮಾದರಿಯೆಂದು ಕರೆದ ಕನ್ನಡದ ಮೊಮ್ಮಕ್ಕಳ ಮಾತದು.

ಎರಡು ದಿನಗಳಲ್ಲಿ ಜಿಲ್ಲೆ ಮುಗಿಯುವುದಿಲ್ಲ. ಸೂಡಿಯ ಜೋಡುಕಳಸದ ಗುಡಿ, ನರೇಗಲ್ಲಿನ ರಾಷ್ಟ್ರಕೂಟ ಬಸದಿ, ಗಜೇಂದ್ರಗಡದ ಕಾಲಕಾಲೇಶ್ವರ, ನೆರೆಯ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯಗಳಿಗೆ ಮತ್ತೊಮ್ಮೆ ಬರಬೇಕಾಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಚಿಕ್ಕ ಜಿಲ್ಲೆಯಲ್ಲಿ ನೋಡಲು ಏನಿದೆ ಎಂದು ಕೇಳಿದ ಸ್ನೇಹಿತರು, ಹಿಂದಿರುಗುವಾಗ ಮುಂದಿನ ಬಾರಿ ಯಾವಾಗ ಬರಲಿ ಎಂದು ಕೇಳಿದ್ದುಂಟು.

ಬರುವವರಲ್ಲಿ ಕೋರಿಕೆ ಇಷ್ಟೇ. ಇಲ್ಲಿನ ಗುಡಿ, ಬಾವಿ, ಗುಡ್ಡ, ಕೆರೆಗಳು ಯಾರದೋ ಔದಾರ್ಯದಿಂದ ನಮ್ಮವರೆಗೆ ತಲುಪಿವೆ. ನೋಡಿ ಹೋಗುವವರೂ ಏನಾದರೂ ಕೊಟ್ಟುಹೋಗಲಿ. ಲಕ್ಕುಂಡಿಯ ಹೋಟೆಲಿನಲ್ಲಿ ಒಂದು ಊಟ, ಬೆಟಗೇರಿಯ ನೇಕಾರರ ಬಳಿ ಒಂದು ಸೀರೆ, ಪುಣ್ಯಾಶ್ರಮದ ಮಕ್ಕಳ ದಾಸೋಹಕ್ಕೆ ಒಂದಿಷ್ಟು ಅಕ್ಕಿ ಸಾಕು. ಬಾವಿಗೆ ಪ್ಲಾಸ್ಟಿಕ್ ಬಾಟಲಿ ಎಸೆಯದೆ ಹೋಗುವುದೂ ಒಂದು ದಾನವೇ.

ಪ್ರವಾಸಿಗರ ಗಮನಕ್ಕೆ

ತಲುಪುವ ಬಗೆ: ಗದಗ ರೈಲ್ವೆ ಜಂಕ್ಷನ್ ಆಗಿದ್ದು, ಹುಬ್ಬಳ್ಳಿಯಿಂದ ಸುಮಾರು 58 ಕಿಲೋಮೀಟರ್ ದೂರದಲ್ಲಿದೆ. ಹುಬ್ಬಳ್ಳಿಯವರೆಗೆ ವಿಮಾನ ಸೌಲಭ್ಯವಿದೆ. ಲಕ್ಕುಂಡಿ, ಲಕ್ಷ್ಮೇಶ್ವರಗಳಿಗೆ ಬಸ್ಸುಗಳಿವೆ. ಕಪ್ಪತಗುಡ್ಡ ಮತ್ತು ಮಾಗಡಿ ಕೆರೆಗೆ ಸ್ವಂತ ಅಥವಾ ಬಾಡಿಗೆ ವಾಹನ ಅನುಕೂಲ.

ಸೂಕ್ತ ಕಾಲ: ನವೆಂಬರಿನಿಂದ ಫೆಬ್ರುವರಿ. ಹೆಬ್ಬಾತುಗಳು ಇರುವುದೂ ಆಗಲೇ. ಗುಡ್ಡದ ಹಸಿರು ನೋಡಲು ಮಳೆಗಾಲದ ಕೊನೆ ಒಳ್ಳೆಯದು.

ಊಟ: ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಂಜೆಗೆ ಗಿರ್ಮಿಟ್ ಮತ್ತು ಮಿರ್ಚಿ. ಈ ಬಾರಿ ರೈಲಿನ ಕಿಟಕಿಯಿಂದಲ್ಲ, ಅಂಗಡಿಯ ಮುಂದೆ ನಿಂತು ಬಿಸಿಬಿಸಿಯಾಗಿ ಸವಿಯಿರಿ.